ಕುರಿಗಾರನಿಗೆ ನಾನು ಜಾಮೀನು

ನವೆಂಬರ್ 11, 2024. ಸೋಮವಾರ, ಬೀದರ್

ನಿವೃತ್ತಿಯಾದ ಮೇಲೆ ಇವತ್ತಿನಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. "ಬಾಯಿ ಮಾಡ್ಬ್ಯಾಡ್ರಿ, ಬಿಪಿ ಏರ್ತದ. ಬೇಕಾದ್ರ ಬರ್ದು ಇಡ್ರಿ" ಎಂದು ಶೇವಂತಾಬಾಯಿ ಮಗಳ ಖಾಲಿ ಡೈರಿಯೊಂದನ್ನು ನನ್ನ ಮುಂದೆ ಒಗೆದು ಅಡುಗೆಮನೆಗೆ ಹೋದಳು. ಹೆಂಡತಿಯ ಮಾತು ಮೀರಿ ರೂಢಿಯಿಲ್ಲ, ಬರೆಯುತ್ತಿದ್ದೇನೆ.

ಬೇರೆ ಬೇರೆ ಜೈಲುಗಳಲ್ಲಿ ಆಯುಷ್ಯ ಸವೆಸಿ ಹೆಡ್ ವಾರ್ಡರ್ ಆಗಿ ಹೊರಬಿದ್ದವನು ನಾನು. ಬೀಗ ಹಾಕುವುದು ನನ್ನ ಕಸುಬಾಗಿತ್ತು. ನನ್ನ ಮಗಳು ಆಮ್ರಪಾಲಿಗೆ ಅದನ್ನು ತೆಗೆಸುವುದು ಕಸುಬು. ಬಡ ಕೈದಿಗಳ ಪರವಾಗಿ ಸರ್ಕಾರದ ಖರ್ಚಿನಲ್ಲಿ ವಕೀಲಿಕೆ ಮಾಡುತ್ತಾಳೆ. ಅವಳ ಕೆಲಸ ಅವಳಿಗೆ, ನನ್ನ ಪಿಂಚಣಿ ನನಗೆ ಎಂದು ಸುಖವಾಗಿದ್ದೆವು. ಇವತ್ತು ಊಟಕ್ಕೆ ಕೂತಾಗ ಕೇಳಿದಳು:

"ಅಪ್ಪಾ, ಖಟಕ ಚಿಂಚೋಳಿ ಹೊಲ ನಿಮ್ಮ ಹೆಸರಿಗೇ ಅದಲ್ಲಾ?"

"ಅದ. ಯಾಕ?"

"ಒಬ್ಬಾವ್ಗ ಜಾಮೀನ ಕೊಡ್ರಿ."

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ. ಆಸಾಮಿಯ ಹೆಸರು ಹಣಮಂತಪ್ಪ, ಕುರಿ ಕಾಯುವವನು. ಹೋದ ವರ್ಷ ಔರಾದ್ ಕಡೆ ಅವನ ಕುರಿ ಕಾಶೀನಾಥ ಎಂಬ ರೈತನ ತೊಗರಿಗೆ ನುಗ್ಗಿದವಂತೆ. ಜಗಳವಾಗಿ ಇವನ ಕೋಲು ಕಾಶೀನಾಥನ ಹೆಗಲಿಗೆ ಬಿತ್ತಂತೆ. ಕೇಸಾಯಿತು. ಕೋರ್ಟು ತಾರೀಖು ಕೊಟ್ಟಾಗ ಇವನು ಹಿಂಡು ಹೊಡೆದುಕೊಂಡು ಮಹಾರಾಷ್ಟ್ರದ ಗಡಿ ದಾಟಿದ್ದ. ಮುಂದಿನ ತಾರೀಖಿಗೂ ಅಲ್ಲೇ. ವಾರಂಟು ಹೊರಟಿತು, ಮಗಳನ್ನು ನೋಡಲು ಊರಿಗೆ ಬಂದವನನ್ನು ಹಿಡಿದರು. ಆಮೇಲೆ ಕೋರ್ಟೇ ಬೇಲ್ ಕೊಟ್ಟಿದೆ. ಆದರೆ ಹೊಲ ಇರುವವನೊಬ್ಬ ಜಾಮೀನು ನಿಲ್ಲಬೇಕಲ್ಲ? ಇವನ ಬಂಧುಬಳಗವೆಲ್ಲ ಕುರಿ ಹಿಂದೆ ಊರೂರು ತಿರುಗುವವರು, ಒಬ್ಬರ ಹೆಸರಿಗೂ ಗೇಣು ನೆಲವಿಲ್ಲ. ಹೀಗಾಗಿ ಬೇಲ್ ಆದ ಮೇಲೂ ತಿಂಗಳುಗಟ್ಟಲೆ ಒಳಗೇ ಕೂತಿದ್ದಾನೆ.

"ಶಿಕ್ಷಾ ಆಗಿದ್ರೂ ಇಷ್ಟೊತ್ತಿಗಿ ಹೊರಗ ಬರ್ತಿದ್ರಪ್ಪಾ" ಎಂದಳು ಆಮ್ರಪಾಲಿ.

"ಓಡಿ ಹೋದ್ರ?"

"ಕುರಿ ಬಿಟ್ಟು ಎಲ್ಲಿ ಓಡ್ತಾರ್ರಿ?"

ಒಳಗಿರುವವನು ಏನಾದರೂ ಮಾಡಿಯೇ ಒಳಗಿರುತ್ತಾನೆ. ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಇದನ್ನೇ ವಿವರಿಸುತ್ತಿದ್ದೆ, ಅಷ್ಟರಲ್ಲಿ ಶೇವಂತಾಬಾಯಿ ಹೊಲದ ಪಹಣಿ ತಂದು ತಟ್ಟೆಯ ಪಕ್ಕ ಇಟ್ಟಳು. ಈ ಮನೆಯಲ್ಲಿ ನನ್ನ ಅಧಿಕಾರ ಇಷ್ಟೇ.

ನವೆಂಬರ್ 14, ಗುರುವಾರ

ಬೆಳಿಗ್ಗೆ ಔರಾದ್ ಕೋರ್ಟಿನಲ್ಲಿ ಸಹಿ ಹಾಕಿದೆ. ಅವನು ಒಂದು ತಾರೀಖು ತಪ್ಪಿಸಿದರೂ ಮತ್ತೆ ಜೈಲು, ನನಗೂ ಕೋರ್ಟಿನ ದಂಡ. ಸಂಜೆ ಬೀದರ್ ಜೈಲಿನ ಬಾಗಿಲ ಹೊರಗೆ ಆಮ್ರಪಾಲಿಯ ಜೊತೆ ನಿಂತೆ. ಆ ಬಾಗಿಲ ಈಚೆ ನಿಂತು ಕಾದದ್ದು ಇದೇ ಮೊದಲು. ಇಳಿಬಿಸಿಲು ಮುಖಕ್ಕೇ ಹೊಡೆಯುತ್ತದೆ, ಕೂರಲು ಒಂದು ಕಲ್ಲೂ ಇಲ್ಲ.

ಕಿರುಬಾಗಿಲು ತೆರೆಯಿತು. ಕುಳ್ಳಗಿನ ಮನುಷ್ಯ, ಕೈಯಲ್ಲಿ ಚೀಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದ. ನನ್ನ ಬಾಯಿ ತಾನಾಗಿಯೇ ಶುರುವಾಯಿತು.

"ಹೆಸರು?"

"ಹಣಮಂತಪ್ಪ ರೀ."

"ತಂದಿ ಹೆಸರು? ಮೈಮ್ಯಾಲ ಗುರುತಿನ ಮಚ್ಚಿ?"

ಆಮ್ರಪಾಲಿ ಬಾಯಿಗೆ ಸೆರಗು ಒತ್ತಿ ಆ ಕಡೆ ತಿರುಗಿದಳು. ನಗಲಿ. ನಾನು ಶರತ್ತು ಹೇಳಿದೆ: ದಿನಾ ಮುಂಜಾನೆ ಫೋನು ಮಾಡಿ ಎಲ್ಲಿದ್ದೇನೆಂದು ಹಾಜರಿ ಕೊಡಬೇಕು. ಒಂದು ದಿನ ತಪ್ಪಿದರೂ ನಾನೇ ಹಿಡಿದು ಒಳಗೆ ಹಾಕಿಸುತ್ತೇನೆ.

"ಆತ್ರಿ ಸಾಹೇಬ್ರ. ಮೊದಲ ಕುರಿ ನೋಡಿ ಬರ್ತೇನಿ, ಆಮ್ಯಾಲ ಹಾಜರಿ ಕೊಡ್ತೇನಿ."

"ಕುರಿ ಏನ್ ನಿನ್ನ ಜಾಮೀನದಾರ?"

"ಅಲ್ರಿ. ಆದ್ರ ಅವು ನನ್ನ ದಾರಿ ನೋಡ್ಲತ್ತಾವ."

ಸವಾರಿ ಬಗದಲ್ ಕಡೆಯ ಬಸ್ಸು ಹತ್ತಿತು. ಹಿಂಡು ಅಲ್ಲಿದೆಯಂತೆ, ಹೆಂಡತಿ ಕಾಂತಾಬಾಯಿ ಇಷ್ಟು ದಿನ ಒಬ್ಬಳೇ ಕಾಯ್ದಿದ್ದಾಳೆ. ಬಸ್ಸಿನ ನಂಬರು ಬರೆದುಕೊಂಡಿದ್ದೇನೆ.

ನವೆಂಬರ್ 15, ಶುಕ್ರವಾರ

ಹಾಜರಿ ಬಂತು. ಫೋನಿನಲ್ಲಿ ಮನುಷ್ಯನಿಗಿಂತ ಕುರಿಗಳ ದನಿ ಜಾಸ್ತಿ.

ನವೆಂಬರ್ 23, ಶನಿವಾರ

ಹಾಜರಿ ಬಂತು. ಬಗದಲ್ ಆಚೆ. ಒಂದು ಕುರಿ ಅವಳಿ ಮರಿ ಹಾಕಿತಂತೆ. ಇದನ್ನೆಲ್ಲ ನನಗೆ ಯಾಕೆ ಹೇಳುತ್ತಾನೋ!

ಡಿಸೆಂಬರ್ 3, ಮಂಗಳವಾರ

ಹಾಜರಿ ಬರಲಿಲ್ಲ.

ಚಹಾ ಆರಿತು. ನಾನು ಫೋನು ಮಾಡಿದರೆ ಬಂದ್ ಇದೆ ಎನ್ನುತ್ತದೆ. "ನೋಡಿದಿ? ನಾ ಹೇಳಿದ್ನಿಲ್ಲ?" ಎಂದು ಶೇವಂತಾಬಾಯಿಗೆ ಕೂಗಿ ಹೇಳಿ ಬೈಕು ಹತ್ತಿದೆ. ಹಳೆಯ ಲಾಠಿಯನ್ನೂ ಕಟ್ಟಿಕೊಂಡೆ. ಬಗದಲ್‌ಗೆ ಹೋಗಿ ಕೇಳಿದರೆ, "ಆ ಕಡಿ ಹ್ವಾದ್ರು" ಎನ್ನುತ್ತಾರೆ. ಆ ಕಡೆ ಹೋದರೆ, "ಈಗ ಈ ಕಡಿ ಬಂದ್ರಲ್ಲ" ಎನ್ನುತ್ತಾರೆ. ಓಡಿಹೋದವನನ್ನು ಹಿಡಿಯುವುದು ಸುಲಭ. ಕುರಿಯ ಹಿಂದೆ ನಿಧಾನಕ್ಕೆ ನಡೆಯುವವನನ್ನು ಹುಡುಕುವುದೇ ಕಷ್ಟ.

ಕಡೆಗೆ ಒಂದು ಬೇವಿನ ಮರದ ಕೆಳಗೆ ಸಿಕ್ಕಿದ. ನನ್ನನ್ನು ನೋಡಿ ಹೆದರುವುದು ಹೋಗಲಿ, ಬಾಯಿ ತುಂಬ ನಕ್ಕ.

"ಬರ್ರಿ ಬರ್ರಿ ಸಾಹೇಬ್ರ! ಫೋನ್ ಗಿರಣ್ಯಾಗ ಚಾರ್ಜಿಗಿ ಇಟ್ಟೀನ್ರಿ, ಊರಾಗ ಕರೆಂಟ ಇಲ್ಲ. ಹಾಜರಿ ಹ್ಯಾಂಗ ಕೊಡ್ಲೆಪ್ಪ ಅಂತ ಮುಂಜಾನಿಂದ ಜೀವ ಹೊಯ್ದಾಡ್ಲತ್ತದ. ನೀವೇ ಬಂದ್ರಿ, ಛಲೋ ಆತು."

ಬಯ್ಯಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ವ್ಯರ್ಥವಾಯಿತು. ಕಾಂತಾಬಾಯಿ ಕುರಿ ಹಾಲಿನ ಚಹಾ ಕೊಟ್ಟಳು. ಮೊದಲ ಗುಟುಕಿಗೆ ಮುಖ ಸಿಂಡರಿಸಿದೆ, ಆಮೇಲೆ ಇನ್ನೊಂದು ಕಪ್ಪು ಕೇಳಿದೆ.

ಅವನು ಒಳಗಿದ್ದಾಗ ಏನು ಕಷ್ಟವಾಯಿತೆಂದು ಕೇಳಿದ್ದಕ್ಕೆ ಕಾಂತಾಬಾಯಿ, "ಏನ್ ಹೇಳ್ಲಿರೀ. ಅರ್ಧಾ ಕುರಿ ಮಾರೀನಿ. ಹೆಂಗಸಿನ ಕೈಯಾಗ ಹಿಂಡ ಅದ ಅಂತ ಎಲ್ಲಾರೂ ಅಗ್ಗಕ್ಕ ಕೇಳಾವ್ರೇ" ಎಂದಳು. ಅವನು ಅಷ್ಟೊತ್ತು ನಗುತ್ತಿದ್ದವನು ಎದ್ದು ಕುರಿಗಳ ಕಡೆ ಹೋದ. ನನಗೆ ಅಲ್ಲಿ ಕೂರಲು ಸರಿಬರಲಿಲ್ಲ. ಲಾಠಿ ಯಾಕೆ ತಂದಿರಿ ಎಂದು ಅವಳು ಕೇಳಿದಾಗ ನಾಯಿ ಕಾಟ ಎಂದೆ.

ಡಿಸೆಂಬರ್ 17, ಮಂಗಳವಾರ

ತಾರೀಖು. ಔರಾದ್‌ಗೆ ಹಣಮಂತಪ್ಪನನ್ನು ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವನನ್ನು ಕಿಟಕಿಯ ಪಕ್ಕ ಕೂಡಿಸಿ ನಾನು ಈಚೆ ಕೂತೆ. ಎಸ್ಕಾರ್ಟಿನ ರೂಢಿ ಸುಲಭಕ್ಕೆ ಬಿಡುವುದಿಲ್ಲ. ಕಂಡಕ್ಟರು, "ಏನ್ ಕಾಕಾ, ಇವ್ರು ನಿಮ್ಮ ತಮ್ಮ?" ಎಂದ. ನಾನು ಬಾಯಿ ತೆಗೆಯುವ ಮೊದಲೇ ಹಣಮಂತಪ್ಪ "ಹೌದ್ರಿ" ಎಂದುಬಿಟ್ಟ!

ಕೋರ್ಟಿನ ಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಕೂತೆವು. ಮಧ್ಯಾಹ್ನದ ಮೇಲೆ ಹೆಸರು ಕೂಗಿದರು, ಒಳಗೆ ಹೋದೆವು, ಸಾಕ್ಷಿ ಬಂದಿಲ್ಲ, ಮುಂದಿನ ತಾರೀಖು. ಬೀಡಿ ಹಚ್ಚುವಷ್ಟು ಹೊತ್ತೂ ಆಗಲಿಲ್ಲ. ಇದಕ್ಕೆ ಒಂದು ದಿನದ ಮೇವು, ಎರಡು ಬಸ್ಸು, ಕುರಿ ನೋಡಲು ಬಂದ ಅವನ ಮೈದುನ ದಿಲೀಪನಿಗೆ ಊಟ! ಗಡಿಯಾಚೆಯಿಂದ ಬರಬೇಕಾದರೆ ಎರಡು ದಿನ ಹಿಂಡು ಬಿಡಬೇಕು. ಯಾವನಾದರೂ ತಾರೀಖು ತಪ್ಪಿಸಿದರೆ ಏನಾಶ್ಚರ್ಯ?

ಮನೆಗೆ ಬಂದು ಆಮ್ರಪಾಲಿಯ ಮೇಲೆ ರೇಗಿದೆ. "ನಿಮ್ಮ ಕೋರ್ಟಿಗಿ ಸ್ವಲ್ಪಾರ ತಿಳುವಳಿಕಿ ಅದ?" ಎಂದೆ. "ಇಷ್ಟು ದಿನ ಅದು ನಿಮ್ಮ ಕೋರ್ಟೇ ಆಗಿತ್ತಲ್ರಿ" ಎಂದಳು. ವಕೀಲರನ್ನು ಮಗಳಾಗಿ ಪಡೆಯಬಾರದು.

ಜನವರಿ 12, ಭಾನುವಾರ. ಖಟಕ ಚಿಂಚೋಳಿ

ಮುಖ್ಯವಾದ ವಿಷಯ. ಕುರಿಗಾರರು ಎಲ್ಲೆಂದರಲ್ಲಿ ತಿರುಗುತ್ತಾರೆಂದು ತಿಳಿದಿದ್ದೆ. ಹಾಗಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡನ್ನು ನಾಲ್ಕಾರು ರಾತ್ರಿ ತಂಗಿಸುತ್ತಾರೆ. ಹಿಕ್ಕೆ, ಗಂಜಳ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ, ರೈತ ಅದಕ್ಕೆ ಜೋಳವನ್ನೋ ಬೇಳೆಯನ್ನೋ ಕೊಡುತ್ತಾನೆ. ಯಾರು ಕರೆಯುತ್ತಾರೋ ಆ ಕಡೆ ಹಿಂಡು ಹೊರಡುತ್ತದೆ. ಅಂದ ಮೇಲೆ ಕರೆಸುವುದು ನಮ್ಮ ಕೈಯಲ್ಲಿದೆಯಲ್ಲ!

ಮೊದಲು ನನ್ನ ಹೊಲಕ್ಕೇ ಕರೆಸಿದೆ. ಇಲ್ಲಿ ಕೂತು ಅವನಿಗೆ ಹೇಳಿದೆ: "ತಾರೀಖ ಹ್ಯಾಂಗ ಬರ್ತಾವೋ ಹಂಗ ಕುರಿ ಹೊಡಿಯೂಣು. ತಾರೀಖಿನ ಹೊತ್ತಿಗಿ ಔರಾದ್ ರೋಡಿಗಿ ಸಮೀಪ ಇರ್ಬೇಕು. ರೈತರ್ನ ನಾ ಮಾತಾಡಸ್ತೇನಿ."

ಅವನು ಬೆರಳು ಮಡಚಿ ದಾರಿಯ ಊರುಗಳನ್ನು ಎಣಿಸಿದ. "ಇದು ನಮ್ಗ ಯಾರೂ ಹೇಳಿರ್ಲಿಲ್ರಿ" ಎಂದ.

ಹಿಂಡು ಯಾವಾಗ ಎಲ್ಲಿರುತ್ತದೆಂದು ನಿಮ್ಮನ್ನು ಯಾರೂ ಕೇಳಿರಲೂ ಇಲ್ಲ ಎಂದುಕೊಂಡೆ. ಜನವಾಡದ ನಾಲ್ಕು ಜನರಿಗೆ ಫೋನು ಮಾಡಿದ್ದೇನೆ. ಅಲ್ಲಿಂದ ಔರಾದ್ ಬಸ್ಸು ಎಷ್ಟು ಬೇಕಾದರೂ ಇವೆ.

ಜನವರಿ 29, ಬುಧವಾರ

ಹಾಜರಿ ಬಂತು. ಅವಳಿ ಮರಿಗಳಲ್ಲಿ ಒಂದಕ್ಕೆ ಕೆಮ್ಮು. ಪಶು ಆಸ್ಪತ್ರೆಗೆ ಹೋಗಿ ಔಷಧ ತಂದುಕೊಟ್ಟೆ. ಶೇವಂತಾಬಾಯಿ ಬುತ್ತಿಯಲ್ಲಿ ಪುಂಡಿಪಲ್ಯ ಕಟ್ಟಿದ್ದಳು.

ಫೆಬ್ರವರಿ 16, ಭಾನುವಾರ

ಮಾರ್ಚ್ ಎಂಟಕ್ಕೆ ಲೋಕ ಅದಾಲತ್ ಇದೆ. ಎರಡೂ ಕಡೆಯವರು ಬಂದು ಒಪ್ಪಿದರೆ ಅಲ್ಲೇ ರಾಜಿ, ಕೇಸು ಅಲ್ಲಿಗೆ ಮುಗಿಯುತ್ತದೆ. ಆಮ್ರಪಾಲಿಯ ಜೊತೆ ಕಾಶೀನಾಥನ ಮನೆಗೆ ಹೋಗಿದ್ದೆ. ಅವನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಾನೆ ಎಂದುಕೊಂಡಿದ್ದೆ. ಚಹಾ, ಸೇವು, ಬಾಳೆಹಣ್ಣು ಎಲ್ಲ ಆಯಿತು.

"ನಂದೂ ಸಿಟ್ಟೇ ಇತ್ರಿ. ತೊಗರಿ ಹೂವಿನ್ಯಾಗ ಇತ್ತು. ಕಂಪ್ಲೇಂಟ ಕೊಟ್ಟೆ. ಅಂವ ಇಷ್ಟು ತಿಂಗಳ ಒಳಗ ಕೂಡ್ತಾನಂತ ನಾ ಎಲ್ಲಿ ತಿಳ್ಕೊಂಡಿದ್ನಿ? ನನಗೂ ತಾರೀಖಿಗಿ ಹೋಗಿ ಹೋಗಿ ಸಾಕಾಗ್ಯದ."

"ಹಂಗಾದ್ರ ರಾಜಿ?"

"ಮಾಡ್ಕೋತೇನಿ. ಆದ್ರ ಅಂವ ಕೋರ್ಟಿಗಿ ಖುದ್ದ ಬರ್ಬೇಕು, ನನ್ನ ಎದುರು ನಿಂತು ಕಣ್ಣ ನೋಡಿ ಮಾತಾಡ್ಬೇಕು. ಹೆಗಲ ನಂದು ನೊಂದದ. ವಕೀಲರು ಬಂದು ಹೇಳಿದ್ರ ನಡಿಯಂಗಿಲ್ಲ."

ನ್ಯಾಯದ ಮಾತು. ಆವತ್ತು ಮಾತ್ರ ತಪ್ಪಿಸಬಾರದು. ತಪ್ಪಿಸಿದರೆ ಕಾಶೀನಾಥನೂ ಕೈತಪ್ಪಿದ, ಮತ್ತೆ ವಾರಂಟು, ಮತ್ತೆ ಒಳಗೆ.

ಮಾರ್ಚ್ 7, ಶುಕ್ರವಾರ

ಎಲ್ಲ ಸರಿಯಾಗಿದೆ. ಹಿಂಡು ಜನವಾಡದ ಹತ್ತಿರ ಕಡಲೆ ಕೊಯ್ದ ಹೊಲದಲ್ಲಿದೆ. ಮಗಳ ಬಾಣಂತನಕ್ಕೆ ಕಾಂತಾಬಾಯಿ ಊರಿಗೆ ಹೋಗಿದ್ದಾಳೆ, ನಾಳೆ ಕುರಿ ನೋಡಲು ದಿಲೀಪ ಬರುತ್ತಾನೆ. ನಾನು ಬೈಕಿನಲ್ಲಿ ಹೋಗಿ ಇವನನ್ನು ಬಸ್ಸು ಹತ್ತಿಸುತ್ತೇನೆ. ಅವನಿಗೊಂದು ಬಿಳಿ ಅಂಗಿ ಕೊಂಡಿದ್ದೇನೆ. ಹಳೆಯದಕ್ಕೆ ಕಾಲರೇ ಇಲ್ಲ.

ಮಾರ್ಚ್ 8, ಶನಿವಾರ. ಜನವಾಡ, ಹೊಲದಲ್ಲಿ

ಜಾಲಿ ಮರದ ನೆರಳಲ್ಲಿ ಕೂತು ಬರೆಯುತ್ತಿದ್ದೇನೆ.  ಮೊದಲಿಂದ ಬರೆಯುತ್ತೇನೆ.

ಬೆಳಿಗ್ಗೆ ಬಂದಾಗ ಹಣಮಂತಪ್ಪ ಬಲೆಯ ದೊಡ್ಡಿಯ ಪಕ್ಕ ತಲೆಗೆ ಕೈ ಹೊತ್ತು ಕೂತಿದ್ದ. ದಿಲೀಪನಿಗೆ ಜ್ವರ, ಬರಲಿಲ್ಲ. ಒಂದು ಕುರಿ ಬೇರೆ ಈಯುವ ಹಾಗಿತ್ತು.

"ಬಿಟ್ಟು ಹ್ಯಾಂಗ ಹೋಗ್ಲಿರೀ ಸಾಹೇಬ್ರ? ನಾಯಿ ಬಂದಾವಂದ್ರ ಎಲ್ಲಾ ಮುಗೀತು."

"ನಾ ಇರ್ತೇನಿ. ನೀ ಹೋಗು."

ಅವನು ನಕ್ಕುಬಿಟ್ಟ. ನಾನು ನಗದಿರುವುದನ್ನು ನೋಡಿ ಎದ್ದು ಬಿಳಿ ಅಂಗಿ ತೊಟ್ಟ. ಹೊತ್ತು ಏರಿದ ಮೇಲೆ ಬಲೆ ತೆಗೆಯಿರಿ, ಕಡಲೆ ಹೊಲದಲ್ಲೇ ಮೇಯಲಿ, ಮೂಡಣ ದಿಕ್ಕಿಗೆ ಬಾವಿ ನೀರಿನ ಕೊತ್ತಂಬರಿ ಮಡಿಗಳಿವೆ, ಆ ಕಡೆ ಬಿಡಬೇಡಿ ಎಂದು ಹೇಳಿ ಕೋಲು ನನ್ನ ಕೈಗೆ ಕೊಟ್ಟು ಹೋದ. ಆಮ್ರಪಾಲಿ ಔರಾದ್‌ನಿಂದ ಫೋನು ಮಾಡಿದಳು.

"ಅಪ್ಪಾ, ಒಬ್ರನ್ನೇ ಕಳ್ಸೀರಿ? ಜೋಡಿ ಯಾರೂ ಇಲ್ದೇ?"

"ಅಂವ ಏನ್ ಸಣ್ಣ ಹುಡುಗ ಇದ್ದಾನ? ಬರ್ತಾನ. ಬಂದ್ ಕೂಡ್ಲೇ ಏನಾರ ತಿನ್ನಸು, ಖಾಲಿ ಹೊಟ್ಟಿಲೆ ಹ್ವಾದ."

ಅವಳು ನಕ್ಕು ಆತ್ರಿ ಎಂದಳು. ಯಾಕೆ ನಕ್ಕಳೋ.

ಬಲೆ ತೆಗೆಯುವ ವಿಚಾರ ನನಗಿರಲಿಲ್ಲ. ಒಳಗಿದ್ದರೆ ಎಣಿಕೆ ತಪ್ಪುವುದಿಲ್ಲ ಎಂದು ಗಟ್ಟಿಯಾಗಿ ಕೂತಿದ್ದೆ. ಆದರೆ ಬಿಸಿಲು ಏರಿದಂತೆ ಅವು ಒದರತೊಡಗಿದವು. ಮರಿಗಳು ಬಲೆಗೆ ಮೂತಿ ತೂರಿಸಿ ನನ್ನನ್ನೇ ನೋಡುತ್ತಿದ್ದವು. ಎಷ್ಟು ಹೊತ್ತು ತಡೆಯಲಿ? ಬಲೆಯ ಗೂಟ ಕಿತ್ತೆ. ಎಲ್ಲ ಹೊರಗೆ ನುಗ್ಗಿ, ಪುಣ್ಯಕ್ಕೆ, ಕಡಲೆ ಹೊಲದಲ್ಲೇ ತಲೆ ತಗ್ಗಿಸಿದವು. ಹಾಯೆನಿಸಿತು.

ಅಷ್ಟರಲ್ಲಿ ಆ ಕುರಿಗೆ ನೋವು ಬಂತು. ನಾನು ಮೊಣಕಾಲೂರಿ ಅದರ ಪಕ್ಕ ಕೂತೆ. ನನಗೆ ಏನೂ ಗೊತ್ತಿಲ್ಲ, "ಆತು ಆತು, ಇನ್ನೊಂದೀಟು" ಎಂದು ಹೇಳುವುದನ್ನು ಬಿಟ್ಟು. ಎಲ್ಲ ಅದೇ ಮಾಡಿಕೊಂಡಿತು. ಕರಿ ಮರಿ, ಹಣೆಯ ಮೇಲೆ ಬಿಳಿ ಚುಕ್ಕಿ. ಎದ್ದು ನಿಲ್ಲಲು ಹೋಗಿ ಬಿತ್ತು, ಮತ್ತೆ ಎದ್ದಿತು. ನನ್ನ ಕಣ್ಣು ಯಾಕೆ ಒದ್ದೆಯಾಯಿತೋ, ವಯಸ್ಸಾಯಿತು.

ತಲೆ ಎತ್ತಿದರೆ ಹಿಂಡು ಇಲ್ಲ. ಎಲ್ಲ ಕೊತ್ತಂಬರಿಯಲ್ಲಿ!

ಓಡಿದೆ. ನಾನು ಮುಟ್ಟುವ ಮೊದಲೇ ಹೊಲದ ಯಜಮಾನ ನಜಮೋದ್ದೀನ ಬಂದಿದ್ದ. ನನ್ನಷ್ಟೇ ವಯಸ್ಸಿನವನು, ಸಿಟ್ಟಿಗೆ ಗಡ್ಡ ಕುಣಿಯುತ್ತಿತ್ತು.

"ರಂಜಾನ್ ಬಜಾರಕ್ಕಂತ ಬೆಳಿಸೀನ್ರಿ ಇದು! ಕಣ್ಣ ಎಲ್ಲಿ ಇಟ್ಟಿದ್ರಿ? ರೋಜಾ ಹಿಡ್ದೀನಿ, ಬಾಯಾಗಿಂದ ಹೊಲಸ ಮಾತ ಬರಬಾರ್ದು, ಇಲ್ಲಂದ್ರ ಇವತ್ತ ನಿಮ್ಗ ತೋರಸ್ತಿದ್ನಿ! ಪೊಲೀಸ್ರಿಗಿ ಫೋನ್ ಹಚ್ತೇನಿ ತಡೀರಿ!"

ಅವನು ಕಲ್ಲೊಂದನ್ನು ಎತ್ತಿ ಟಗರಿಗೆ ಬೀಸಿದ. "ಏ, ಕುರಿಗಿ ಹೊಡಿಬ್ಯಾಡ್ರಿ!" ಎಂದು ನಾನು ಚೀರಿದೆ. ಹಣಮಂತಪ್ಪನ ಕೋಲು ನನ್ನ ಕೈಯಲ್ಲಿ ನಜಮೋದ್ದೀನನ ಹೆಗಲಿನ ಮಟ್ಟಕ್ಕೆ ಎದ್ದು ನಿಂತಿತ್ತು. ನಾನು ಎತ್ತಿದ್ದು ನನಗೇ ಗೊತ್ತಾಗಿರಲಿಲ್ಲ.

ಇನ್ನೊಂದು ಮಾತು ಅವನು ಆಡಿದ್ದರೆ ಬೀಳುತ್ತಿತ್ತು. ಸುಳ್ಳು ಬರೆಯಲಾರೆ. ಕೋಲನ್ನು ನೆಲಕ್ಕೆ ಒಗೆದು ಮಡಿಯ ಬದುವಿನ ಮೇಲೆ ಕುಸಿದು ಕೂತೆ. ಅವನೂ ಹೆದರಿ ನಿಂತವನು, ಸ್ವಲ್ಪ ಹೊತ್ತಾದ ಮೇಲೆ ಈಚೆ ಬದುವಿನ ಮೇಲೆ ಕೂತ.

"ತಪ್ಪ ನಂದೇ ಅದ್ರಿ" ಎಂದೆ. "ಒಂದು ಕುರಿ ಈಯ್ತು, ನೋಡ್ಕೋತ ಕುಂತ್ಬಿಟ್ಟೆ."

"ಗಂಡೋ ಹೆಣ್ಣೋ?"

"ಹೆಣ್ಣು."

"ಛಲೋ ಆತು" ಎಂದ ಅವನು, ಇನ್ನೂ ಸಿಟ್ಟಿನಲ್ಲೇ.

ಆಮೇಲೆ ಇಬ್ಬರೂ ಸೇರಿ ಕುರಿಗಳನ್ನು ಹೊರಗೆ ಹೊಡೆದೆವು. ಮೂರು ಮಡಿ ಹೋಗಿದ್ದವು, ಉಳಿದವು ಚೆನ್ನಾಗಿದ್ದವು. ಅವನ ಬೇರೆ ಹೊಲವೊಂದು ಖಾಲಿ ಬಿದ್ದಿದೆ. ಅಲ್ಲಿ ಮೂರು ರಾತ್ರಿ ಹಿಂಡು ತಂಗಿಸಿದರೆ ಲೆಕ್ಕ ಚುಕ್ತಾ ಎಂದ. ಒಪ್ಪಿದೆ. ಪೊಲೀಸರಿಗೆ ಫೋನು ಮಾಡುವುದು ಅವನಿಗೆ ಮರೆತೇಹೋಯಿತು.

ಔರಾದ್‌ನಿಂದ ಇನ್ನೂ ಸುದ್ದಿಯಿಲ್ಲ. ಆಮ್ರಪಾಲಿ ಫೋನು ಎತ್ತುತ್ತಿಲ್ಲ.

ಅದೇ ದಿನ, ಸಂಜೆ

ಸೂರ್ಯ ಇಳಿಯುವ ಹೊತ್ತಿಗೆ ರಸ್ತೆಯಲ್ಲಿ ಬಿಳಿ ಅಂಗಿ ಕಂಡಿತು. ನಡೆಯುತ್ತಿರಲಿಲ್ಲ, ಓಡುತ್ತಿತ್ತು.

"ಮುಗೀತ್ರಿ ಸಾಹೇಬ್ರ! ಕೇಸ್ ಮುಗೀತು!"

ಕಾಶೀನಾಥ ಬಂದಿದ್ದನಂತೆ. ಇವನು ಎದುರು ನಿಂತು ತಪ್ಪಾಯಿತೆಂದನಂತೆ. ಕಾಶೀನಾಥ ಹೆಗಲು ಮುಟ್ಟಿಕೊಂಡು, "ಈಗ ನೋಯಂಗಿಲ್ಲ ಬಿಡು" ಎಂದನಂತೆ. ಹೊರಗೆ ಬಂದ ಮೇಲೆ, ಏಪ್ರಿಲ್‌ನಲ್ಲಿ ತನ್ನ ಹೊಲಕ್ಕೂ ಹಿಂಡು ತಾ ಎಂದು ಕರೆದನಂತೆ. ನಾನು ಇವನ ಬೆನ್ನಿಗೆ ಎರಡು ಗುದ್ದು ಹಾಕಿದೆ. ಇಷ್ಟು ಖುಷಿ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ರೋಜಾ ಬಿಡುವ ಹೊತ್ತಾಗಿತ್ತು. ನಜಮೋದ್ದೀನ ಖರ್ಜೂರ, ಕಲ್ಲಂಗಡಿ ತಂದು ನಮ್ಮನ್ನೂ ಕೂಡಿಸಿಕೊಂಡ. ಖರ್ಜೂರ ಬಾಯಿಗಿಟ್ಟು ನೀರು ಕುಡಿದವನೇ ನನ್ನ ಇಡೀ ದಿನದ ಪರಾಕ್ರಮವನ್ನು ಹಣಮಂತಪ್ಪನಿಗೆ ಬಣ್ಣಿಸತೊಡಗಿದ. ಬಲೆ ತೆಗೆದದ್ದು, ಕೊತ್ತಂಬರಿ, ಚೀರಿದ್ದು, ಕೋಲು ಎತ್ತಿದ್ದು, ಒಂದನ್ನೂ ಬಿಡಲಿಲ್ಲ. ಹಣಮಂತಪ್ಪ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಟ್ಟೆ ಹಿಡಿದು ನಕ್ಕ.

"ಸಾಹೇಬ್ರ, ಈ ಕಾಕಾ ಕೇಸ್ ಹಾಕಿದ್ರ ನಿಮಗ ಜಾಮೀನ ಯಾರ ಕೊಡ್ತಿದ್ರು?"

"ಇನ್ಯಾರು? ನೀನೇ ಕೊಡ್ಬೇಕಿತ್ತು" ಎಂದೆ.

ಅವನ ನಗು ನಿಂತಿತು.

"ಕೊಡ್ತಿದ್ನಿರೀ. ಓಡಿ ಬಂದು ಕೊಡ್ತಿದ್ನಿ. ಆದ್ರ ನನ್ನ ಹೆಸರಿಗಿ ನೆಲ ಇಲ್ಲಲ್ರಿ. ಕೋರ್ಟ್ ನನ್ನ ಒಪ್ಪಂಗಿಲ್ಲ. ನೀವು ಒಳಗೇ ಕೂಡ್ತಿದ್ರಿ, ನಾ ಹೊರಗ ನಿಂತು ನೋಡ್ತಿದ್ನಿ."

ನಜಮೋದ್ದೀನ ಕಲ್ಲಂಗಡಿ ಕೊಯ್ಯುವುದನ್ನು ನಿಲ್ಲಿಸಿದ.  ಇಷ್ಟು ವರ್ಷ ನಾನು ಎಣಿಸಿದ ತಲೆಗಳಲ್ಲಿ ಎಷ್ಟೋ ಜನರಿಗೆ ಹೊರಗೆ ಹೀಗೆ ಓಡಿ ಬರುವವರು ಇದ್ದಿರಬೇಕು. ಬಂದು, ಬಾಗಿಲ ಈಚೆ ನಿಂತು, ವಾಪಸು ಹೋಗಿರಬೇಕು.

"ಕೋರ್ಟ್ ಒಪ್ಪಂಗಿಲ್ಲಂದ್ರ ಬಿಡಪ್ಪ" ಎಂದೆ. "ನಾ ಒಪ್ಪೀನಿ."